ಹೊಸ ಗುಂಡಿನ ಪರವಾಗಿ

ಲಿಂಗ ಎಡ ಅಂಗೈ ಮೇಲೆ ಕೂತಿತ್ತು. ಕಣ್ಣು ಮಾತ್ರ ಅದರ ಮೇಲೆ ಕೂರಲು ಒಪ್ಪುತ್ತಿರಲಿಲ್ಲ. ಏಕಾಂತಯ್ಯ ಉಸಿರನ್ನು ನಿಧಾನ ಮಾಡಿ ನೋಡಿದ. ಒಂದು ಬಿಲ್ವದ ದಳ ಸರಿಸಿ ಇನ್ನೊಂದನ್ನು ಇಟ್ಟು ನೋಡಿದ. ದಿನವೂ ಈ ಹೊತ್ತಿಗೆ ಆ ಕಪ್ಪು ಕಾಂತಿಯ ಮೇಲೆ ದೀಪದ ಒಂದು ಚುಕ್ಕೆ ಬಂದು ನಿಲ್ಲುತ್ತಿತ್ತು, ಅದರ ಹಿಂದೆ ಮನಸ್ಸು ಸಂಜೆ ಕೊಟ್ಟಿಗೆಗೆ ಬರುವ ದನದ ಹಾಗೆ ತಾನಾಗಿ ಬಂದು ಮಲಗುತ್ತಿತ್ತು. ಇವತ್ತು ಚುಕ್ಕೆ ಇತ್ತು, ದನ ಬರಲಿಲ್ಲ. ಬಂದದ್ದು ಚಪ್ಪಾಳೆ. ನಿನ್ನೆ ಮಾಜಿ ಸೈನಿಕರ ಸಂಘದ ಸಭಾಂಗಣದಲ್ಲಿ ಎದ್ದ ಚಪ್ಪಾಳೆ; ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಶುರುವಾಗಿ, ಮುಂದಿನ ಸೋಫಾಗಳಿಗೆ ಹರಡಿ, ಕೊನೆಗೆ ವೇದಿಕೆಯ ಮೇಲಕ್ಕೂ ಹತ್ತಿ ಬಂದದ್ದು. ಕರ್ನಲ್ ನಾಗಾರ್ಜುನ ಸಾಹೇಬರೇ ಎದ್ದು ನಿಂತು ಕೈ ತಟ್ಟಿದ್ದರು. ಸುಬೇದಾರನಾಗಿ ನಿವೃತ್ತನಾದವನ ಮಾತಿಗೆ ಒಬ್ಬ ಕರ್ನಲ್ ಎದ್ದು ನಿಲ್ಲುವುದೆಂದರೇನು! ನೆನೆದರೆ ಈಗಲೂ ಎದೆಯಲ್ಲಿ ಏನೋ ಬೆಚ್ಚಗೆ ಏಳುತ್ತಿತ್ತು. ಎದ್ದ ಮರುಗಳಿಗೆಯೇ ಅದರ ಹಿಂದಿನಿಂದ ಒಂದು ಹೆಂಗಸಿನ ಮುಖ ಬರುತ್ತಿತ್ತು, ತೊಡೆಯ ಮೇಲೆ ಸನ್ಮಾನದ ಶಾಲು ಇಟ್ಟುಕೊಂಡು ಬಾಯಿ ಸ್ವಲ್ಪವೇ ತೆರೆದು ಕೂತ ಮುಖ, ಮತ್ತು ಬೆಚ್ಚಗಿದ್ದದ್ದೆಲ್ಲ ಬೆವರಾಗುತ್ತಿತ್ತು. ಲಿಂಗ ಹಿಡಿದ ಅಂಗೈ ಕೂಡ ಒದ್ದೆಯಾಗಿತ್ತು. ಇವತ್ತು ಬೇಡಪ್ಪ, ಇವತ್ತು ನಿನ್ನೆದುರು ಕೂರಲಾರೆ ಎಂದು ಮನಸ್ಸಿನಲ್ಲೇ ಹೇಳಿ, ಲಿಂಗವನ್ನು ಒರೆಸಿ ಕರಡಿಗೆಗೆ ಸೇರಿಸಿದ. ಸೈನ್ಯದಲ್ಲಿದ್ದಷ್ಟು ಕಾಲವೂ, ಹಿಮದಲ್ಲೂ ಬಂಕರಿನಲ್ಲೂ, ಪೂಜೆಯನ್ನು ಹೀಗೆ ಅರ್ಧಕ್ಕೆ ಎತ್ತಿದ್ದಿರಲಿಲ್ಲ.

ಸಿದ್ಧಾರ್ಥನಗರದ ಆ ಸಣ್ಣ ಮನೆಯ ಅಡುಗೆಮನೆಯಲ್ಲಿ ಹೆಂಡತಿ ಮಂಜುಳಮ್ಮ ಉಪ್ಪಿಟ್ಟು ಕೆದಕುತ್ತಿದ್ದಳು. ನಿನ್ನೆ ಸಭೆಯಿಂದ ಬಂದಾಗಿನಿಂದ ಅವಳು ಬೇಕಾದ್ದಷ್ಟನ್ನೇ ಮಾತಾಡುತ್ತಿದ್ದಳು, ಅದನ್ನೂ ಗೋಡೆಗೆ ಹೇಳುವ ಹಾಗೆ.

"ಫೋನು ಬಡ್ಕೋತಾ ಇದೆ."

"ಸುಂದರೇಶಂದಿರ್ಬೇಕು."

"ತೆಗೀರಿ ಮತ್ತೆ. ಹೊಗಳೋಕೆ ಮಾಡಿರ್ತಾರೆ."

ಸುಂದರೇಶ ಸಂಘದ ಕಾರ್ಯದರ್ಶಿ. ಅವನ ದನಿ ಫೋನಿನಿಂದ ಹೊರಗೆ ಬಿದ್ದು ಅಡುಗೆಮನೆಯ ತನಕ ಹೋಗುವಂಥದ್ದು. "ಸಾಹೇಬ್ರೇ, ಏನ್ ಮಾತಾಡಿದ್ರಿ! ಕಣ್ಣಲ್ ನೀರ್ ತರಿಸ್ಬುಟ್ರಿ ಕಣ್ರೀ. ವಿಡಿಯೋ ಎಲ್ಲಾ ಗ್ರೂಪಲ್ಲೂ ಓಡ್ತಾ ಅದೆ. ಬರೋ ಭಾನುವಾರ ಮಂಡ್ಯದೋರೂ ಇದೇ ವಿಷ್ಯ ಇಟ್ಕೊಂಡವ್ರೆ, ನೀವೇ ಬರ್ಬೇಕಂತೆ. ಗುಂಡು ಗಿಂಡಿನ ವಿಚಾರ ಸ್ವಲ್ಪ ಕಮ್ಮಿ ಮಾಡಿ, ಆ ಹುಡುಗನ್ ಕತೆ ಮಾತ್ರ ಬುಡ್ಬೇಡಿ. ಅದೇ ಜೀವಾಳ."

ನೋಡೋಣ ಎಂದು ಫೋನು ಇಟ್ಟ. ಮಂಜುಳಮ್ಮ ಒಲೆ ಆರಿಸಿದ ಸದ್ದು ಕೇಳಿತು. ತಟ್ಟೆ ತಂದು ಅವನ ಮುಂದೆ ಇಟ್ಟಳು, ಕೂರದೆ ನಿಂತೇ ಹೇಳಿದಳು: "ನಾನೇ ಕಣ್ರೀ ಕರ್ಕೊಂಡ್ ಬಂದಿದ್ದು ಅವ್ರನ್ನ. ಸನ್ಮಾನ ಮುಗಿಸಿ ಊಟಕ್ಕೆ ಕೂತಿದ್ರು. ಎಲೆ ಹಾಕಿ ಪಲ್ಯ ಬಡ್ಸಿದ್ರು ಆಗ್ಲೇ. ನಮ್ಮನೆಯೋರು ಮಾತಾಡ್ತಾರೆ ಬನ್ನಿ, ಕೇಳಿ ಆಮೇಲ್ ಉಂಡ್ರಾಯ್ತು ಅಂತ ನಾನೇ ಎಬ್ಬಿಸ್ದೆ. ಉಣ್ಣೋ ಎಲೆ ಮುಂದಿಂದ ಎಬ್ಬಿಸ್ದೆ ಆ ತಾಯಿನ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಹಂಗ್ ಹೇಳ್ತೀರಿ ಅಂತ ನಂಗೇನ್ ಗೊತ್ತು?"

"ನಂಗೂ ಗೊತ್ತಿರ್ಲಿಲ್ಲ."

"ಇವತ್ತೇ ಹೋಗ್ಬನ್ನಿ. ನಾಳೆ ಅಂದ್ರೆ ನೀವು ಹೋಗಲ್ಲ."

ಅವಳು ಹೇಳಿದ್ದು ನಿಜವೆಂದು ಅವನಿಗೂ ಗೊತ್ತಿತ್ತು. ಉಪ್ಪಿಟ್ಟು ಅರ್ಧ ತಿಂದು ಕೈ ತೊಳೆದ. ವಿಭೂತಿ ಒರೆಸಿಕೊಳ್ಳಲೋ ಬೇಡವೋ ಎಂದು ಕನ್ನಡಿಯ ಮುಂದೆ ಒಂದು ಕ್ಷಣ ನಿಂತ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಆ ಮನೆಗೆ ಹೋದರೆ ಅದೂ ಒಂದು ವೇಷವೇ ಅನ್ನಿಸಿತು. ಒರೆಸಿಕೊಂಡು ಹೋದರೆ ಅದು ಇನ್ನೊಂದು ವೇಷ ಅನ್ನಿಸಿತು. ಹಾಗೇ ಹೊರಟ.

ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹೂಟಗಳ್ಳಿಯ ಬಸ್ಸು ಹತ್ತಿದ. ಕಿಟಕಿ ಪಕ್ಕ ಜಾಗ ಸಿಕ್ಕಿತು. ಯಾರಾದರೂ ಗುರುತು ಹಿಡಿದಾರು ಎಂದು ಮುಖವನ್ನು ಗಾಜಿನ ಕಡೆ ತಿರುಗಿಸಿಕೊಂಡ, ಮತ್ತೆ ಯಾರೂ ಗುರುತು ಹಿಡಿಯಲಿಲ್ಲವೆಂದು ಒಂದು ಬಗೆಯ ನಿರಾಸೆಯೂ ಆಯಿತು, ಆ ನಿರಾಸೆಗೆ ನಾಚಿಕೊಂಡ. ನಿನ್ನೆಯೂ ಹೀಗೇ ಶುರುವಾದದ್ದಲ್ಲವೇ. ವೇದಿಕೆಯ ಹಿಂದೆ ಬಟ್ಟೆಯ ಬ್ಯಾನರು ಕಟ್ಟಿದ್ದರು, 'ನಮ್ಮ ಸೇನೆಗೆ ಹೊಸ ರೈಫಲ್, ಹೊಸ ಗುಂಡು ಬೇಕೇ?' ಎಂದು. ಬೇಕು ಎನ್ನಲು ಸುಬೇದಾರ್ ಏಕಾಂತಯ್ಯ, ಬೇಡ ಎನ್ನಲು ಕರ್ನಲ್ ನಾಗಾರ್ಜುನ. ಕರ್ನಲ್ಲರಿಗೆ ಕೆಂಪು ವೆಲ್ವೆಟ್ಟಿನ ಕುರ್ಚಿ; ಇವನಿಗೆ ಕೆಳಗಿನಿಂದ ಎತ್ತಿ ತಂದ ಪ್ಲಾಸ್ಟಿಕ್ಕಿನದು, ಒಂದು ಕಾಲು ಸ್ವಲ್ಪ ಮಡಚಿಕೊಳ್ಳುವಂಥದ್ದು. ಅದು ಮಡಚದ ಹಾಗೆ ತೊಡೆ ಬಿಗಿಹಿಡಿದುಕೊಂಡು ಕೂತೇ ಅವನು ಕರ್ನಲ್ಲರ ಮಾತು ಕೇಳಿದ. ಕರ್ನಲ್ಲರು ಚೆನ್ನಾಗಿ ಮಾತಾಡಿದರು. ಸುಳ್ಳು ಏಕೆ, ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅವನಿಗೂ ಒಪ್ಪಿಗೆಯಾಗುವಂಥದ್ದೇ. ಜವಾನನ ಬೆನ್ನು ಎತ್ತಿನ ಬೆನ್ನಲ್ಲ, ಅದಕ್ಕೆ ಒಂದು ಮಿತಿಯಿದೆ. ಹೊಸ ಗುಂಡು ಈಗಿನದಕ್ಕಿಂತ ದೊಡ್ಡದು; ದೊಡ್ಡದಾದರೆ ಹೊರುವ ಗುಂಡುಗಳ ಸಂಖ್ಯೆ ಕಡಿಮೆಯಾಗುತ್ತದೆ. ಸಣ್ಣ ಗುಂಡಿನ ರೈಫಲ್ಲು ಹೆಗಲಿಗೆ ಕಡಿಮೆ ಒದೆಯುತ್ತದೆ, ಹೊಸ ಹುಡುಗರ ಗುರಿ ಬೇಗ ಕೂರುತ್ತದೆ. ಇರುವ ತೋಟಾಗಳ ರಾಶಿ, ಅದನ್ನು ಮಾಡುವ ಯಂತ್ರ, ಕಲಿಸುವವರು, ಎಲ್ಲವನ್ನೂ ಬದಲಿಸಬೇಕು. ಬದಲಾಗುವ ತನಕ ಒಂದೇ ಪಡೆಯಲ್ಲಿ ಎರಡು ಅಳತೆಯ ಗುಂಡು. ತಪ್ಪಿ ಒಬ್ಬನ ಪೆಟ್ಟಿಗೆ ಇನ್ನೊಬ್ಬನಿಗೆ ಹೋದರೆ ಕೈಯಲ್ಲಿರುವುದು ರೈಫಲ್ಲಲ್ಲ, ದೊಣ್ಣೆ. "ಇನ್ನೊಂದು ಮಾತು," ಎಂದಿದ್ದರು ಅವರು ನಗುತ್ತಾ. "ಸಣ್ಣ ಗುಂಡು ಕೊಲ್ಲಲ್ಲ, ಗಾಯ ಮಾಡತ್ತೆ ಅಂತ ದೂರ್ತಾರೆ. ಒಬ್ಬ ಗಾಯ ಆದ್ರೆ ಅವನನ್ನ ಹೊರೋಕೆ ಇನ್ನಿಬ್ರು ಬೇಕು. ಮೂರು ಜನ ಕಡಿಮೆ ಆದ್ರಲ್ಲ? ಅದು ಗುಂಡಿನ ದೌರ್ಬಲ್ಯ ಅಲ್ಲ, ಬುದ್ಧಿ."

ಏಕಾಂತಯ್ಯ ಎದ್ದ. ಎರಡು ದಿನ ಹಿತ್ತಿಲಲ್ಲಿ ಓಡಾಡಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತು. ಹೊರುವವರು ಬರುವುದು ದೇಶ ದೇಶದ ಸೇನೆಗಳು ಎದುರಾದಾಗ. ವಾಪಸ್ಸು ಹೋಗುವ ಯೋಚನೆಯೇ ಇಲ್ಲದೆ ಗಡಿ ದಾಟಿ ಕಾಡಿಗೆ ಬಂದ ಉಗ್ರನಿಗೆ ಹೊರುವವನೂ ಇಲ್ಲ, ಗಾಯವೂ ಲೆಕ್ಕಕ್ಕಿಲ್ಲ. ಅಂಥವನು ಮೈಗೆ ಗುಂಡು ಬಿದ್ದ ಮೇಲೂ ಹತ್ತು ಹೆಜ್ಜೆ ಬರುತ್ತಾನೆ, ಆ ಹತ್ತು ಹೆಜ್ಜೆಯಲ್ಲಿ ನಮ್ಮವನೊಬ್ಬ ಹೋಗುತ್ತಾನೆ. ಬಿದ್ದವನು ಬಿದ್ದಲ್ಲೇ ಇರಬೇಕು, ಅಂಥ ಗುಂಡು ಬೇಕು. ಹೇಳಿದ, ಆದರೆ ಹೇಳುವಾಗ ಮಾತು ಗೋಜಲಾಯಿತು. ಮೈಕು ಕೀ ಎಂದಿತು. ಅಳತೆ ಹೇಳುವ ಕಡೆ ಒಂದು ಅಂಕಿ ತಪ್ಪಿದ. ಕರ್ನಲ್ಲರು ಕೂತಲ್ಲಿಂದಲೇ ಮೃದುವಾಗಿ ತಿದ್ದಿದರು. ಆಮೇಲೆ ತಮ್ಮ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, "ನಮ್ಮ ಸುಬೇದಾರ್ ಸಾಹೇಬ್ರು ಮೂರು ಹೊತ್ತು ಲಿಂಗಪೂಜೆ ಮಾಡೋರು. ಬದನೆಕಾಯಿ ಬಿಟ್ಟು ಬೇರೇನೂ ಕತ್ತರಿಸಿದೋರಲ್ಲ. ಇವತ್ತು ದೊಡ್ಡ ಗುಂಡೇ ಬೇಕು ಅಂತಿದಾರೆ. ಇವರಿಗೆ ಶಿವನ ತ್ರಿಶೂಲ ಕೊಡ್ಸಿಬಿಡೋಣ ಬಿಡಿ, ಅದಕ್ಕೆ ಲೈಸೆನ್ಸೂ ಬೇಡ" ಎಂದರು. ಪ್ರೀತಿಯಿಂದಲೇ ಅಂದದ್ದು. ಸಭೆ ನಕ್ಕಿತು. ಅವನ ಕೈಕೆಳಗೆ ಇದ್ದವರೂ ನಕ್ಕರು. ಬಾಯಿ ಮುಚ್ಚಿಕೊಂಡು ನಕ್ಕವರನ್ನು ಅವನು ಹೆಚ್ಚು ಕಂಡ. ಅವನೂ ನಕ್ಕ. ನಗುತ್ತಾ ನಿಂತಾಗ ಒಳಗೆ ಏನೋ ಒಂದು ಅಡಿ ಕೆಳಕ್ಕೆ ಸರಿಯಿತು, ಬಾವಿಯ ಮಣ್ಣು ಸರಿಯುವ ಹಾಗೆ. ಆ ಸರಿದ ಜಾಗದಿಂದಲೇ ಆ ಮಾತು ಬಂತು: "ನಗಿ. ಒಂದು ವಿಷ್ಯ ಹೇಳ್ತೀನಿ, ಆಮೇಲೂ ನಗು ಬಂದ್ರೆ ನಗಿ."

ಬಸ್ಸು ಹಿಂಕಲ್ ದಾಟಿತು. ಪಕ್ಕದವನು 'ಕಿಟಕಿ ಮುಚ್ಚಿ, ಧೂಳು' ಎಂದ. ಮುಚ್ಚಿದ. ಹೆಸರು ಹೇಳಲಿಲ್ಲ ನಾನು, ಎಂದು ಮತ್ತೊಮ್ಮೆ ತನಗೆ ತಾನೇ ಹೇಳಿಕೊಂಡ. ರಾತ್ರಿಯಿಂದ ಹಿಡಿದುಕೊಂಡಿದ್ದ ಒಂದೇ ಹುಲ್ಲುಕಡ್ಡಿ ಅದು. ಹೆಸರು ಹೇಳಲಿಲ್ಲ, 'ನಮ್ಮ ಹೂಟಗಳ್ಳಿ ಕಡೆಯ ಒಬ್ಬ ಹುಡುಗ' ಎಂದೆ ಅಷ್ಟೆ. ಹೂಟಗಳ್ಳಿ ಕಡೆಯಿಂದ ಸೈನ್ಯದ ಅವನ ಕಂಪನಿಯಲ್ಲಿ ಇದ್ದವನು ಒಬ್ಬನೇ. ಸಾಗರ್. ಆ ಮಧ್ಯಾಹ್ನ ಇಬ್ಬನಿ ಮರಗಳ ಸೊಂಟದ ತನಕ ನಿಂತಿತ್ತು. ಎದುರಿನವನ ಮೈಗೆ ಗುಂಡು ಬಿದ್ದದ್ದನ್ನು ಏಕಾಂತಯ್ಯ ನೋಡಿದ್ದ, ಅಥವಾ ನೋಡಿದೆ ಎಂದುಕೊಂಡಿದ್ದ. ಬಿದ್ದದ್ದು ಒಂದೋ ಎರಡೋ, ಉಳಿದದ್ದು ಕೊಂಬೆಗೆ ಹೋಯಿತೋ ಯಾರು ಬಲ್ಲರು. ಸಭೆಯಲ್ಲಿ ಮಾತ್ರ 'ಮೂರು ಗುಂಡು, ಈ ಕಣ್ಣಿಂದ ನೋಡಿದೆ' ಎಂದ. ಗುಂಡು ಬಿದ್ದ ಮೇಲೂ ಅವನು ಬಂದದ್ದು ನಿಜ, ಬಂದು ಹಾರಿಸಿದ್ದು ನಿಜ, ಸಾಗರನ ಹೊಟ್ಟೆಗೆ ತಾಗಿದ್ದು ನಿಜ. ಹೆಲಿಕಾಪ್ಟರು ಇಬ್ಬನಿಯಲ್ಲಿ ಇಳಿಯಲಾರದೆ ಮೇಲೆಯೇ ಸದ್ದು ಮಾಡಿ ಹೋಯಿತು. ಹುಡುಗ ಬೆಳಕು ಕುಗ್ಗುವ ತನಕ ಬದುಕಿದ್ದ. ನೀರು ಕೇಳಿದ. ಹೊಟ್ಟೆಗೆ ಬಿದ್ದವನಿಗೆ ನೀರು ಕೊಡಬಾರದೆಂದು ಕೊಡಲಿಲ್ಲ. ಇದನ್ನೆಲ್ಲ ಹೇಳುತ್ತಾ ಹೋದಂತೆ ಸಭೆಯ ನಗು ನಿಂತು, ಕೆಮ್ಮು ನಿಂತು, ಊಟದ ಮನೆಯ ಪಾತ್ರೆ ಸದ್ದೂ ನಿಂತಂತಾಗಿ, ಅಷ್ಟು ದೊಡ್ಡ ಮೌನ ಅವನ ಬಾಯಿಯನ್ನೇ ನೋಡುತ್ತಾ ಕಾಯುತ್ತಿತ್ತು. ಊರಿನ ಅರಳಿಕಟ್ಟೆಯಲ್ಲಿ ಕತೆ ಹೇಳುತ್ತಿದ್ದ ಅವನ ಅಜ್ಜ ಇಂಥ ಮೌನ ಬಂದಾಗ ಎಲೆಅಡಿಕೆ ಉಗಿದು ಬಂದು ಒಂದು ಮಾತು ಸೇರಿಸುತ್ತಿದ್ದ. ಆ ಒಂದು ಮಾತಿಗೆ ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಏಕಾಂತಯ್ಯನೂ ಸೇರಿಸಿದ. "ಕೊನೇಲಿ ಒಂದೇ ಒಂದ್ಸಲ 'ಅವ್ವಾ' ಅಂತ ಕೂಗ್ದ. ಆ ಕೂಗು ಈಗ್ಲೂ ನನ್ ಕಿವೀಲದೆ. ಗುಂಡು ದೊಡ್ಡದಾಗಿದ್ದಿದ್ರೆ ಆ ಕೂಗು ಇರ್ತಿರ್ಲಿಲ್ಲ." ಹುಡುಗ ಹಾಗೆ ಕೂಗಿರಲಿಲ್ಲ. ಅವನ ಕಿವಿಯಲ್ಲಿ ಅಂಥ ಯಾವ ಕೂಗೂ ಇರಲಿಲ್ಲ. ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ, ಚಪ್ಪಾಳೆ ಏಳುವುದಕ್ಕೆ ಸ್ವಲ್ಪ ಮುಂಚೆ, ಹೆಂಗಸರ ಸಾಲಿನ ಕೊನೆಯಲ್ಲಿ ಮಂಜುಳಮ್ಮನ ಪಕ್ಕ ಸಾಗರನ ತಾಯಿ ಚಾಮುಂಡಮ್ಮ ಕೂತಿರುವುದು ಕಾಣಿಸಿತು. ಸನ್ಮಾನ ಮುಗಿದ ಮೇಲೆ ಹುತಾತ್ಮರ ಮನೆಯವರು ಊಟಕ್ಕೆ ಹೋಗುತ್ತಾರೆ, ಚರ್ಚೆ ಗಂಡಸರದ್ದು. ಸಂಘದಲ್ಲಿ ಯಾವಾಗಲೂ ನಡೆದುಬಂದದ್ದು ಹಾಗೆ. ಅವಳು ಹೋಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಹೂಟಗಳ್ಳಿಯಲ್ಲಿ ಇಳಿದಾಗ ಯಾವುದೋ ಕಾರ್ಖಾನೆಯ ಶಿಫ್ಟು ಬಿಟ್ಟಿತ್ತು. ನೀಲಿ ಅಂಗಿಯವರು ರಸ್ತೆಯ ತುಂಬ. ಅವರ ಎದುರಾಗಿ ನಡೆಯುತ್ತಾ, ಮೊದಲ ಸಲ ಈ ಊರಿಗೆ ಬಂದ ದಿನ ಇದೇ ರಸ್ತೆಯ ಎರಡೂ ಬದಿ ಜನ ನಿಂತಿದ್ದರು ಎಂಬುದು ನೆನಪಾಯಿತು. ಸೇನೆಯ ಲಾರಿಯಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆ, ಪಕ್ಕದಲ್ಲಿ ಇವನು. ಪೆಟ್ಟಿಗೆಯ ಜೊತೆ ಊರಿಗೆ ಹೋಗುವವನಿಗೆ ಹಿಂದೆ ಹೋಗಿ ಬಂದವರು ಕಿವಿಯಲ್ಲಿ ಹೇಳಿ ಕಳಿಸುವ ಒಂದು ಮಾತಿದೆ. ಯಾವ ಪುಸ್ತಕದಲ್ಲೂ ಬರೆದದ್ದಲ್ಲ. ತಾಯಿ ಕೇಳಿದರೆ, 'ಒಂದೇ ಗುಂಡು, ಅವನಿಗೆ ಗೊತ್ತೇ ಆಗಲಿಲ್ಲ' ಎನ್ನಬೇಕು. ಎಷ್ಟೋ ಊರುಗಳ ಎಷ್ಟೋ ಅಂಗಳಗಳಲ್ಲಿ, ಎಷ್ಟೋ ಭಾಷೆಗಳಲ್ಲಿ ಸೇನೆಯವರು ಈ ಒಂದೇ ಮಾತನ್ನು ಹೇಳಿ ಬಂದಿದ್ದಾರೆ. ಅದನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ. ಪೆಟ್ಟಿಗೆಯ ಮೇಲೆ ಹೊದಿಸುವ ಬಾವುಟದ ಹಾಗೆ, ಅದೂ ಒಂದು ಹೊದಿಕೆ. ಅವನೂ ಅವತ್ತು ಚಾಮುಂಡಮ್ಮನ ಮುಂದೆ ಮಂಡಿಯೂರಿ ಅದನ್ನೇ ಹೇಳಿದ್ದ. ಅವಳು ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದಳು. ಅವತ್ತಿನಿಂದ ಅವನು ಆ ಮನೆಗೆ ಸೇರಿದವನಾದ. ಹಬ್ಬಕ್ಕೆ ಕರೆಯುವಳು. ಇವರು ಮಾಂಸ ತಿನ್ನದ ಅಯ್ಯನವರು ಎಂದು ಒಲೆ ಸಾರಿಸಿ, ಹೊಸ ಮಡಕೆಯಲ್ಲಿ ಬೇರೆ ಅಡುಗೆ ಮಾಡಿ ಬಡಿಸುವಳು. ನನ್ನ ಮಗನ ಕೊನೇ ಮುಖ ನೋಡಿದೋರು ಎಂದು ಬಂದವರಿಗೆಲ್ಲ ತೋರಿಸುವಳು. ಹೊದಿಸಿದವನೇ ನಿನ್ನೆ ಅದನ್ನು ಕಿತ್ತು ತೆಗೆದ. ಏತಕ್ಕೆ? ಒಂದು ಅಳತೆಯ ಗುಂಡಿಗಿಂತ ಇನ್ನೊಂದು ಅಳತೆಯದು ಮೇಲು ಎಂದು ಸಾಧಿಸುವುದಕ್ಕೆ. ಅದೂ ಅಲ್ಲ. ಹತ್ತು ಜನ ನಕ್ಕರು ಎಂಬುದಕ್ಕೆ.

ಬಾಗಿಲು ತೆರೆದವಳು ಕುಸುಮ, ಸಾಗರನ ತಂಗಿ. ಅವಳೂ ಅಲ್ಲೇ ಒಂದು ಕಾರ್ಖಾನೆಗೆ ಹೋಗುವವಳು. ಎರಡನೇ ಶಿಫ್ಟಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು. ಕೈಯಲ್ಲಿ ಜಡೆ ಹಿಡಿದೇ ಅವನನ್ನು ನೋಡಿದಳು.

"ಓ. ಬನ್ನಿ ಅಂಕಲ್. ಭಾಷಣ ಚೆನ್ನಾಗಿತ್ತು."

ಅವನು ಚಪ್ಪಲಿ ಬಿಡುತ್ತಿದ್ದವನು ಬಗ್ಗಿದಲ್ಲೇ ನಿಂತ.

"ನಮ್ ಶಿಫ್ಟ್ ಗ್ರೂಪಿಗೂ ಬಂದಿತ್ತು ವಿಡಿಯೋ. ಸೂಪರ್‌ವೈಸರ್ ಅತ್ತ್‌ಬುಟ್ರಂತೆ. ನಿಮ್ಮಣ್ಣನೇ ಅಲ್ವಾ ಅಂತ ಕೇಳಿದ್ರು."

"ಏನಂದೆ ಮಗಾ?"

"ಏನನ್ಲಿ? ಅಳೋ ಬೊಂಬೆ ಒಂದ್ ಹಾಕ್ದೆ." ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ ಬಿಗಿದಳು. "ಅಪ್ಪ ಗೇಟ್ ಡ್ಯೂಟಿಗೆ ಹೋಗವ್ರೆ. ಅಮ್ಮ ಒಳ್ಗವ್ಳೆ. ನಿನ್ನೆಯಿಂದ ಒಂದ್ ತುತ್ತು ಮುಟ್ಟಿಲ್ಲ. ನೀವಾದ್ರೂ ಹೇಳಿ. ನೀವ್ ಏನ್ ಹೇಳಿದ್ರೂ ನಂಬ್ತಾಳಲ್ಲ."

ಚಾಮುಂಡಮ್ಮ ನಡುಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಅವನನ್ನು ಕಂಡು ಎದ್ದಳು. ಯಾವತ್ತಿನಂತೆ ಸೆರಗಿನಿಂದ ಕುರ್ಚಿ ಒರೆಸಿದಳು. "ಬನ್ನಿ ಅಯ್ನೋರೆ, ಕುಂತ್ಕಳಿ. ಬಸ್ಸಲ್ ಬಂದ್ರಾ? ಎಂಥ ಬಿಸ್ಲು." ಆ ಒರೆಸುವ ಕೈಯನ್ನು ನೋಡಲಾರದೆ ಅವನು ನೆಲದ ಮೇಲೆಯೇ ಕೂತ. ಅವಳು ಬೇಡ ಬೇಡ ಎಂದು, ಆಮೇಲೆ ಸುಮ್ಮನಾಗಿ, ತಾನೂ ಮೊರದ ಹಿಂದೆ ಕೂತಳು. ಅವಳ ಕಣ್ಣು ಊದಿತ್ತು, ಆದರೆ ದನಿಯಲ್ಲಿ ಏನೋ ಒಂದು ಗಟ್ಟಿತನ ಇತ್ತು, ದಾರಿ ಸಿಕ್ಕಿದವರ ದನಿಯ ಹಾಗೆ. ಹೇಗೆ ಶುರುಮಾಡಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡದ್ದು ಒಂದೂ ನೆನಪಾಗಲಿಲ್ಲ.

"ತಾಯಿ, ನಿನ್ನೆ ನಾನು..."

"ಅದಿರ್ಲಿ ಅಯ್ನೋರೆ. ನಾನೊಂದ್ ಮಾತ್ ಕೇಳ್ತೀನಿ, ತಪ್ ತಿಳೀಬ್ಯಾಡಿ." ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತ್ತು, ಅದನ್ನು ತೆಗೆದು ಪಕ್ಕಕ್ಕೆ ಇಟ್ಟಳು. "ಆ ಹುಡ್ಗ ಕೊನೇಲಿ ಅವ್ವಾ ಅಂತ ಕೂಗ್ದ ಅಂದ್ರಲ್ಲ ನೀವು."

ಅವನು ಅವಳು ಪಕ್ಕಕ್ಕಿಟ್ಟ ಕಲ್ಲನ್ನೇ ನೋಡಿದ.

"ನಮ್ ಸಾಗರ ನನ್ನ ಅವ್ವ ಅಂದೋನೇ ಅಲ್ಲ. ಅಕ್ಕ ಅಂತಿದ್ದ. ನಿಮ್ಗೆ ಗೊತ್ತಿಲ್ಲ ಅದು. ಬಾಣಂತನಕ್ಕೆ ತವರಿಗೆ ಹೋದೋಳು ವರ್ಷಾನುಗಟ್ಲೆ ಅಲ್ಲೇ ಉಳ್ಕೊಂಡೆ, ನಮ್ಮತ್ತೆಗೂ ನಂಗೂ ಆಗ ಆಗ್ಬರ್ತಿರ್ಲಿಲ್ಲ. ಅಲ್ಲಿ ನನ್ ತಮ್ಮಂದ್ರು ತಂಗೀರು ಮನೆ ತುಂಬ. ಎಲ್ರೂ ನನ್ನ ಅಕ್ಕ ಅಕ್ಕ ಅನ್ನೋರು. ಇವ್ನೂ ಅದ್ನೇ ಕಲ್ತ್‌ಬುಟ್ಟ. ದೊಡ್ಡೋನಾದ್ ಮ್ಯಾಲೂ ಬುಡ್ಲಿಲ್ಲ. ಕುಸುಮ ಹುಟ್ಟಿದ್ದು ಇಲ್ಲಿ, ಅವ್ಳು ಅಮ್ಮ ಅಂತಾಳೆ. ಅವ್ನು ಗಡಿಯಿಂದ ಫೋನ್ ಮಾಡಿದ್ರೂ, 'ಅಕ್ಕಾ, ಉಂಡಾ?' ಜ್ವರ ಬಂದ್ರೂ ಅಕ್ಕ, ಪೆಟ್ಟಾದ್ರೂ ಅಕ್ಕ. ಕೊನೇ ಗಳಿಗೇಲಿ ಯಾರಾದ್ರೂ ಹೊಸ ಮಾತ್ ಕಲೀತಾರಾ ಅಯ್ನೋರೆ?"

ಹೊರಗೆ ಬಾಗಿಲಿಗೆ ಒರಗಿ ಕುಸುಮ ನಿಂತಿರುವುದು ಅವಳ ನೆರಳಿನಿಂದ ಗೊತ್ತಾಗುತ್ತಿತ್ತು.

"ನಿನ್ನೆ ನೀವ್ ಹೇಳ್ವಾಗ ನನ್ನೆದೆ ಒಡ್ದೋಯ್ತು. ಮನೆಗ್ ಬಂದ್ ಮ್ಯಾಲೂ ಆ ಹುಡ್ಗ ನೀರ್ ಕೇಳೋದೇ ಕಿವೀಲಿ. ಬೆಳಗ್ಗೆ ಕಸ ಗು‌ಡಿಸ್ತಿದ್ದೆ ನೋಡಿ, ಆಗ ಹೊಳೀತು. ಅವ್ವಾ ಅಂದ್ನಲ್ಲ ಆ ಹುಡ್ಗ. ಅಂಗಾದ್ರೆ ಅದು ಸಾಗರ ಅಲ್ಲ. ಬೇರೆ ಯಾರೋ. ನೀವು ಎಷ್ಟ್ ಹುಡುಗ್ರನ್ ನೋಡಿದಿರೋ, ಎಷ್ಟ್ ಪೆಟ್ಗೆ ಇಳ್ಸಿದಿರೋ, ಒಬ್ಬಂದು ಇನ್ನೊಬ್ಬಂಗೆ ಸೇರ್ಕೊಂಡದೆ. ಹೂಟಗಳ್ಳಿ ಅನ್ನೋದು ಬಾಯ್ತಪ್ಪಿ ಬಂದದೆ, ನನ್ನ ಅಲ್ಲಿ ಆಗ್ತಾನೇ ನೋಡಿದ್ರಲ್ಲ ಅದ್ಕೆ. ಅಲ್ವಾ? ನಮ್ಮೋನು ಒಂದೇ ಗುಂಡ್ಗೆ ಹೋದ. ಅವ್ನಿಗ್ ಗೊತ್ತೇ ಆಗ್ಲಿಲ್ಲ. ನೀವೇ ಹೇಳಿದ್ರಲ್ಲ ಪೆಟ್ಗೆ ತಂದ್ ದಿನ." ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಇಬ್ಬರ ನಡುವೆ ಏನೂ ಇರಲಿಲ್ಲ. "ಅಲ್ವಾ ಅಯ್ನೋರೆ?"

ಏಕಾಂತಯ್ಯನಿಗೆ ಬೂಟು ನೆನಪಾಯಿತು. ಇಷ್ಟು ಕಾಲ ಅದು ಎಲ್ಲಿತ್ತೋ, ಈಗ ಎದುರಿಗೆ ಬಂದು ನಿಂತಿತು. ಆ ಮಧ್ಯಾಹ್ನ ಹುಡುಗ ತಾಯಿಯನ್ನು ಕರೆಯಲಿಲ್ಲ, ದೇವರನ್ನು ಕರೆಯಲಿಲ್ಲ. ನೀರು ಕೇಳುವುದು ನಿಂತ ಮೇಲೆ ಅವನು ಕೇಳಿದ್ದು ಒಂದೇ: "ಸಾಹೇಬ್ರೇ, ಬೂಟು ಬಿಗಿ ಆಗ್ಬುಟ್ಟದೆ, ಒಂಚೂರು ಸಡಿಲ ಮಾಡಿ." ಬಿಚ್ಚಿದ. ಸ್ವಲ್ಪ ಹೊತ್ತಿಗೆ ಮತ್ತೆ, "ಬೂಟು ಬಿಗಿ ಆಗ್ಬುಟ್ಟದೆ." ಆಗಲೇ ಬಿಚ್ಚಿಟ್ಟಿದ್ದ ಬೂಟನ್ನು ಮತ್ತೆ ಬಿಚ್ಚುವ ಹಾಗೆ ಏಕಾಂತಯ್ಯ ಅವನ ಬರಿಗಾಲುಗಳ ಮೇಲೆ ಬೆರಳಾಡಿಸಿದ. ಈಗ ಸರಿಹೋಯ್ತು ಎಂದಿದ್ದ ಹುಡುಗ. ಮತ್ತೆ ಮತ್ತೆ. ಇದನ್ನು ಸಭೆಯಲ್ಲಿ ಹೇಳಿದ್ದರೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಇದು ಹೇಳುವುದಿದ್ದರೆ ಭೂಮಿಯ ಮೇಲೆ ಈ ಒಬ್ಬಳಿಗೆ ಮಾತ್ರ ಹೇಳಬಹುದಾದದ್ದು. ಹೇಳಿಬಿಡು, ಎಂದಿತು ಮನಸ್ಸು. ಅವಳ ಮಗನ ಆ ಅಷ್ಟು ಹೊತ್ತು ಅವಳದ್ದು, ನಿನ್ನದಲ್ಲ. ಹೇಳಿದರೆ ಆ ಬಾಯಾರಿದ ಹುಡುಗ ಇವಳ ಮಗನೇ ಆಗುತ್ತಾನೆ, ಎಂದಿತು ಅದೇ ಮನಸ್ಸು. ನಿನ್ನೆಯಿಂದ ಉಣ್ಣದ ಅವಳ ಮುಖವನ್ನು ನೋಡಿದ. ಕರುಣೆಯೋ ಹೇಡಿತನವೋ, ಅವೆರಡರ ನಡುವೆ ಒಂದು ಗೆರೆ ಇದ್ದರೆ ಅದು ಅವನಿಗೆ ಆ ಕ್ಷಣ ಕಾಣಲಿಲ್ಲ. ಶಿವನೇ ಎಂದುಕೊಂಡ, ಶಿವ ಏನೂ ಅನ್ನಲಿಲ್ಲ.

"ಹೌದು ತಾಯಿ," ಎಂದ. "ಬೇರೆ ಹುಡುಗ."

ಚಾಮುಂಡಮ್ಮ ಅವನನ್ನು ನೋಡಿದಳು. ನೋಡುತ್ತಲೇ ಇದ್ದಳು. ನಂಬಿದಳೋ, ನಂಬುವುದನ್ನು ತಾನೇ ಆರಿಸಿಕೊಂಡು ಅವನನ್ನು ಬಿಟ್ಟುಕೊಟ್ಟಳೋ, ಆ ನೋಟದಲ್ಲಿ ಅವನಿಗೆ ತಿಳಿಯಲಿಲ್ಲ. ಆಮೇಲೆ ಅವಳ ಹೆಗಲುಗಳು ಕೆಳಗಿಳಿದವು. "ಮಗಾ," ಎಂದು ಬಾಗಿಲ ಕಡೆ ಕೂಗಿದಳು, "ಒಂಚೂರು ಅನ್ನ ಇಕ್ಕು. ಮೊಸರು ಇದ್ರೆ ಹಾಕು."

ಕುಸುಮ ಒಳಗೆ ಹೋಗಿ ತಟ್ಟೆ ತಂದಳು. ಚಾಮುಂಡಮ್ಮ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಅವಳು ಅಗಿಯುವುದನ್ನು ಏಕಾಂತಯ್ಯ ಮಗುವೊಂದು ಉಣ್ಣುವುದನ್ನು ನೋಡುವವನ ಹಾಗೆ ನೋಡಿದ. ಇದಕ್ಕಾಗಿಯೇ ಅಲ್ಲವೇ, ಇದಕ್ಕಾಗಿಯೇ ಎಂದುಕೊಂಡ. ಅರ್ಧ ತಟ್ಟೆಯಾಗುವಾಗ ಅವಳ ಕೈ ನಿಂತಿತು.

"ಆ ಹುಡುಗನ್ ತಾಯಿಗೆ ಗೊತ್ತಾ ಅಯ್ನೋರೆ, ಅವ್ನು ಅಷ್ಟೊತ್ತು ಸಂಕಟ ಪಟ್ಟಿದ್ದು?"

"ಇಲ್ಲ."

"ಅವ್ಳಿಗೂ ಒಂದೇ ಗುಂಡು ಅಂತಾನೇ ಹೇಳಿದೀರಾ?"

"ಹ್ಞೂಂ."

"ಒಳ್ಳೇದ್ ಮಾಡಿದ್ರಿ." ಬೆರಳಿಗೆ ಅಂಟಿದ ಅಗುಳನ್ನು ತಟ್ಟೆಗೆ ಕೊಡವಿದಳು. "ಇನ್ನೆಲ್ಲೂ ಹೇಳ್ಬ್ಯಾಡಿ ಅದ್ನ. ಯಾವ್ ಸಭೇಲೂ ಬ್ಯಾಡ. ಅವ್ಳು ಎಲ್ಲಾದ್ರೂ ಕೂತ್ ಕೇಳ್ಬುಟ್ರೆ? ನಾನಾದ್ರೆ ಹೆಂಗೋ ತಡ್ಕೊಂಡೆ, ನಮ್ಮೋನಲ್ಲ ಅಂತ ಗೊತ್ತಾಯ್ತು. ಅವ್ಳಿಗೆ ಆ ದಾರಿನೂ ಇರಲ್ವಲ್ಲ."

"ಹೇಳಲ್ಲ ತಾಯಿ."

"ಪಾಪ, ಬಾಯಾರ್ಕೊಂಡೇ ಹೋದ ಮಗ." ಅವಳು ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. "ಪಿತೃಪಕ್ಷದ ಅಮಾಸೆ ಹತ್ರ ಬಂತು. ಸಾಗರಂಗೆ ಎಡೆ ಇಡ್ತೀನಲ್ಲ, ಅದ್ರ ಪಕ್ಕ ಈ ಸಲ ಅವನ್ಗೂ ಒಂದ್ ಎಲೆ ಹಾಕ್ತೀನಿ. ಒಂದ್ ಚೊಂಬು ನೀರೂ ಇಡ್ತೀನಿ. ಹೆಸ್ರು ಹಿಡ್ದು ಕರೀಬೇಕಲ್ಲ, ಇಲ್ದಿದ್ರೆ ಅವ್ರು ಬರಲ್ಲ. ಆ ಹುಡುಗನ್ ಹೆಸ್ರೇನು ಅಯ್ನೋರೆ?"

ಅವನ ಬಾಯಿ ತೆರೆಯಿತು. ಹುಟ್ಟೇ ಇರದವನಿಗೆ ಹೆಸರು. ಕಣ್ಣ ಮುಂದೆ ನಿಜವಾಗಿ ಸತ್ತ ಹುಡುಗರ ಸಾಲು ಹಾದುಹೋಯಿತು. ಅವರಲ್ಲಿ ಯಾರ ಹೆಸರನ್ನೂ ಈ ಸುಳ್ಳಿಗೆ ಹೊದಿಸಲು ಧೈರ್ಯ ಬರಲಿಲ್ಲ. ಬೇರೆ ಹೆಸರಿಗೆ ತಡಕಾಡಿದ ನಾಲಿಗೆ, ಚಿಕ್ಕಂದಿನಿಂದ ದಿನವೂ ಜಪಿಸಿ ಸವೆದಿದ್ದ ಒಂದಕ್ಕೆ ಹೋಗಿ ತಾಕಿತು.

"ಶಿ... ಶಿವಶಂಕರ," ಎಂದ.

"ಶಿವಶಂಕರ," ಎಂದಳು ಚಾಮುಂಡಮ್ಮ. ಹೆಸರನ್ನು ಬಾಯಲ್ಲಿ ಒಂದು ಸಲ ಹೊರಳಿಸಿ, "ಒಳ್ಳೆ ಹೆಸ್ರು" ಎಂದು ಮತ್ತೆ ತಟ್ಟೆಗೆ ಕೈ ಹಾಕಿದಳು.

ಕುಸುಮ ಬಾಗಿಲಿಂದ ಒಳಗೆ ಬಂದು ನಿಂತಿದ್ದಳು. ಶಿಫ್ಟಿಗೆ ಹೊತ್ತಾಗಿತ್ತು, ಹೆಗಲ ಮೇಲೆ ಚೀಲ ಇತ್ತು, ಆದರೂ ಹೊರಡಲಿಲ್ಲ. ಅವಳು ಏಕಾಂತಯ್ಯನ ಕಣ್ಣನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿದೆ ಎಂದು ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾದದ್ದೂ ಅವಳಿಗೆ ಗೊತ್ತಾಯಿತು.

"ಇನ್ನೊಂದ್ಸಲ ಹೇಳಿ ಅಂಕಲ್," ಎಂದಳು. "ಅಮ್ಮ ಮರ್ತೋಗ್ತಾಳೆ. ನಾನ್ ನೆನಪಿಟ್ಕೋಬೇಕು."

ಅವನು ಹೇಳಿದ. ಎರಡನೆಯ ಸಲ ನಾಲಿಗೆ ತೊದಲಲಿಲ್ಲ.